ಸಂತೋಷದ ಸೂತ್ರ ಬರೆದವರು ಯಾರು?

ಸಿಡ್ ಮೀಯರ್ ಹೆಸರಿನ ‘ಸಿವಿಲೈಸೇಶನ್’ ಆಟಸರಣಿಯ ಐದನೆಯ ಕಂತು ಬಂದದ್ದು 2010ರಲ್ಲಿ. ಕ್ರಿಸ್ತಪೂರ್ವ 4000ದಿಂದ ಆರಂಭಿಸಿ ಒಂದು ರಾಷ್ಟ್ರವನ್ನು ಆಧುನಿಕ ಕಾಲದವರೆಗೆ ಆಳುವ ಗಣಕದಾಟವದು. ಅದರ ಅಂಕಿಅಂಶಗಳ ಪುಟದಲ್ಲಿ ಸೈನ್ಯ, ಸಾಕ್ಷರತೆ, ಭೂವಿಸ್ತಾರಗಳ ಜೊತೆಗೆ ಪ್ರಜೆಗಳ ಸಂತೃಪ್ತಿಗೂ ಒಂದು ಸಾಲಿದೆ; ಉಳಿದ ರಾಷ್ಟ್ರಗಳ ನಡುವೆ ನಮ್ಮದು ಎಷ್ಟನೆಯದೆಂದು ಅಲ್ಲಿ ಕಾಣುತ್ತದೆ. ಈ ಶ್ರೇಯಾಂಕ ಪಕ್ಷಪಾತದ್ದೇ?

ಹೌದೆಂದೇ ನಮ್ಮ ಅಭಿಪ್ರಾಯ. ಕಠಿಣ ಮಟ್ಟಗಳಲ್ಲಿ ಗಣಕವೇ ಆಳುವ ರಾಷ್ಟ್ರಗಳಿಗೆ ಅಸಂತೋಷದ ಲೆಕ್ಕದಲ್ಲಿ ರಿಯಾಯಿತಿ ಸಿಗುತ್ತದೆ. ಆದರೆ ಇದು ಚದುರಂಗದಲ್ಲಿ ಬಲ್ಲವನು ಎದುರಾಳಿಗೆ ಒಂದು ಆನೆಯನ್ನು ಬಿಟ್ಟುಕೊಟ್ಟು ಆಡಿದಂತೆ. ದೊಡ್ಡ ತಕರಾರಿಗೆ ಕಾರಣವಲ್ಲ. ನಿಜವಾದ ಪಕ್ಷಪಾತವಿರುವುದು ಎಲ್ಲರಿಗೂ ಸಮಾನವಾಗಿ ಅನ್ವಯಿಸುವ ಸೂತ್ರದಲ್ಲಿ.

ಸಾಮಾನ್ಯ ಗಾತ್ರದ ಭೂಪಟದಲ್ಲಿ ಒಂದು ನಗರ ಕಟ್ಟಿದರೆ 3 ಅಂಕ ಅಸಂತೋಷ. ಆ ನಗರದಲ್ಲಿ ಹೆಚ್ಚುವ ಪ್ರತಿ ಪ್ರಜೆಗೆ ಇನ್ನೊಂದು ಅಂಕ. ರೇಷ್ಮೆಯೋ ಸಾಂಬಾರ ಪದಾರ್ಥವೋ ದೊರೆತರೆ 4 ಅಂಕ ಸಂತೋಷ; ಅದೇ ರೇಷ್ಮೆ ಮತ್ತೊಂದು ಕಡೆ ಸಿಕ್ಕರೆ ಸೊನ್ನೆ. ಅಂದರೆ ಮನುಷ್ಯನ ಇರವೇ ದುಃಖ, ಸರಕಿನ ವೈವಿಧ್ಯವೇ ಮದ್ದು. ಮಗು ಹುಟ್ಟಿದರೆ ಪೇಡೆ ಹಂಚುವ ನಮ್ಮಂಥವರಿಗೆ ಇದು ವಿಚಿತ್ರವಾಗಿ ತೋರದಿದ್ದರೆ ಹೇಗೆ?

ಭಾರತದ ವಿಷಯಕ್ಕೆ ಬಂದರೆ ಸೂತ್ರ ಇನ್ನೂ ಸ್ವಾರಸ್ಯಕರ. ಇಲ್ಲಿ ನಮ್ಮ ರಾಷ್ಟ್ರದ ನಾಯಕರು ಗಾಂಧೀಜಿ. ಅವರ ರಾಷ್ಟ್ರಕ್ಕೆ ಪ್ರತಿ ನಗರದ ಅಸಂತೋಷ ಇಮ್ಮಡಿ, ಪ್ರತಿ ಪ್ರಜೆಯ ಅಸಂತೋಷ ಅರ್ಧ. ಲೆಕ್ಕ ಹಾಕಿ ನೋಡಿ: ಒಂದು ಊರಿನಲ್ಲಿ ಪ್ರಜೆಗಳ ಸಂಖ್ಯೆ 6 ಆಗುವವರೆಗೆ ಭಾರತಕ್ಕೆ ನಷ್ಟ, ಆರು ದಾಟಿದ ಮೇಲೆ ಲಾಭ. ಚಿಕ್ಕ ಊರುಗಳು ಹಲವಿದ್ದರೆ ದುಃಖ, ಕೆಲವೇ ಊರುಗಳಲ್ಲಿ ಜನ ಕಿಕ್ಕಿರಿದರೆ ಸುಖ! ಗ್ರಾಮಸ್ವರಾಜ್ಯದ ಪ್ರತಿಪಾದಕರ ಹೆಸರಿನಲ್ಲಿ ಹೊರಟ ಆಜ್ಞೆಯಿದು. ದಾದರಿನಲ್ಲಿ ಸಂಜೆಯ ಲೋಕಲ್ ಹತ್ತುವ ನಮ್ಮ ಓದುಗರು ಈ ಸುಖಕ್ಕೆ ಸಾಕ್ಷಿ ನುಡಿದಾರೆಯೇ? ಭಾರತವೆಂದರೆ ಜನಸಂದಣಿ, ಆ ಸಂದಣಿಗೆ ಅವರು ಒಗ್ಗಿದವರು ಎಂಬ ಹಳೆಯ ಕಲ್ಪನೆಯೊಂದು ಇಲ್ಲಿ ಅಂಕಗಣಿತದ ವೇಷ ತೊಟ್ಟಿದೆ.

2016ರಲ್ಲಿ ಬಂದ ಆರನೆಯ ಕಂತು ಇಡೀ ರಾಷ್ಟ್ರಕ್ಕೆ ಒಂದೇ ಸಂತೋಷವೆಂಬ ಲೆಕ್ಕವನ್ನು ಕೈಬಿಟ್ಟು, ಪ್ರತಿ ನಗರದ ಸೌಕರ್ಯಗಳನ್ನು ಬೇರೆಬೇರೆಯಾಗಿ ಎಣಿಸತೊಡಗಿತು. ಪ್ರಜೆಗಳು ಬದಲಾಗಲಿಲ್ಲ, ಅವರ ಸುಖದ ಅರ್ಥ ಬದಲಾಯಿತು. ಬದಲಾಯಿಸಿದವರು ಆಟ ಕಟ್ಟುವವರು.

ಇದು ಬರಿಯ ಆಟವಲ್ಲವೇ ಎನ್ನುವವರು ‘ವಿಶ್ವ ಸಂತೋಷ ವರದಿ’ಯನ್ನು ನೆನೆಯಬೇಕು. 2025ರ ಪಟ್ಟಿಯಲ್ಲಿ ಫಿನ್ಲೆಂಡ್ ಮೊದಲನೆಯದು, ಭಾರತ 118ನೆಯದು. ಅಲ್ಲಿ ಸೊನ್ನೆಯಿಂದ ಹತ್ತರವರೆಗಿನ ಏಣಿಯೊಂದನ್ನು ಕಲ್ಪಿಸಿಕೊಂಡು, ತಮ್ಮ ಬದುಕು ಯಾವ ಮೆಟ್ಟಿಲಿನಲ್ಲಿದೆಯೆಂದು ಜನರೇ ಹೇಳುತ್ತಾರೆ. ಏಣಿಯೆಂದೊಡನೆ ಮನಸ್ಸು ಸ್ಥಾನಮಾನಗಳತ್ತ ಹರಿಯುತ್ತದೆಂಬ ಆಕ್ಷೇಪವನ್ನು ನಾವು ಒಪ್ಪುತ್ತೇವೆ. ಆದರೂ ಅಲ್ಲಿ ಪ್ರಜೆಯನ್ನು ಕೇಳುತ್ತಾರೆ. ಆಟದಲ್ಲಿ ಕೇಳುವವರಿಲ್ಲ.

ಆಟದ ಪರವಾಗಿಯೂ ಒಂದು ಮಾತು ಹೇಳಬೇಕು. ಅದರ ಅಂಕಗಳೆಲ್ಲ ತೆರೆದು ಓದಬಹುದಾದ ಕಡತಗಳಲ್ಲಿವೆ. 3ನ್ನು 2 ಮಾಡಿ ಆಡಿದವರು ಎಷ್ಟೋ ಮಂದಿ. ಹುಟ್ಟಿದ ಪ್ರತಿ ಮಗುವಿಗೆ ಒಂದು ಅಂಕ ಸಂತೋಷ ಕೊಟ್ಟು ಒಮ್ಮೆ ಆಡಿ ತೋರಿಸಿರೆಂದು ನಮ್ಮ ಬಳಗದ ಹುಡುಗರನ್ನು ಕೇಳಿದ್ದೇವೆ.