ಕೊನೆಯ ವಾರದ ಪಾಠ

ಪರೀಕ್ಷೆಯ ಕಾಲ ಸಮೀಪಿಸಿತೆಂದರೆ ನಮ್ಮ ಬೀದಿಯಲ್ಲಿ ಒಂದು ವಿಶೇಷ ಸದ್ದು ಏಳುತ್ತದೆ. ಒಂದು ಮನೆಯಿಂದ ಸಹಾಯಕ ಸೈನ್ಯ ಪದ್ಧತಿಯ ಷರತ್ತುಗಳು, ಎದುರು ಮನೆಯಿಂದ ಕಪ್ಪು ಮಣ್ಣಿನ ಲಕ್ಷಣಗಳು, ಮಹಡಿಯ ಮೇಲಿನಿಂದ ರಾಷ್ಟ್ರಪತಿಯವರ ಅಧಿಕಾರಗಳು, ಎಲ್ಲವೂ ಒಂದೇ ರಾಗದಲ್ಲಿ ಹೊರಡುತ್ತವೆ. ಕೇಳುವವರಿಗೆ ಇದು ವಿದ್ಯಾಭ್ಯಾಸವೋ ಮಳೆಗಾಲದ ಕಪ್ಪೆಗಳ ಗೋಷ್ಠಿಯೋ ತಿಳಿಯದು. ಆದರೆ ಒಂದು ಮಾತು ನಿಶ್ಚಯ: ಸಮಾಜ ಪಾಠ ಬೀದಿಗೆ ಕೇಳಿಸತೊಡಗಿತೆಂದರೆ ಪರೀಕ್ಷೆಗೆ ಇನ್ನು ಒಂದೇ ವಾರ ಉಳಿದಿದೆ ಎಂದು ತಿಳಿಯಬೇಕು.

"ಗಣಿತ, ವಿಜ್ಞಾನ ಮೊದಲು ಗಟ್ಟಿ ಮಾಡಿಕೋ. ಸಮಾಜಕ್ಕೇನು, ಕೊನೆಯ ವಾರ ಉರು ಹೊಡೆದರಾಯಿತು." ಇದು ನಮ್ಮಂಥ ಮನೆಗಳಲ್ಲಿ ಹಿರಿಯರು ಕಿರಿಯರಿಗೆ ಉಪದೇಶಿಸುವ ಮಂತ್ರ. ಅನ್ಯರನ್ನು ಏಕೆ ದೂರಲಿ? ಹತ್ತನೆಯ ತರಗತಿಯಲ್ಲಿರುವ ನಮ್ಮ ಅಣ್ಣನ ಮಗಳಿಗೆ ನಾನೂ ಇದೇ ಮಾತನ್ನು ಹೇಳಿದವನು. ಲೆಕ್ಕಕ್ಕೆ ಕೂತರೆ ಈ ಮಂತ್ರಕ್ಕೆ ಆಧಾರವೇ ಇಲ್ಲ. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಸಮಾಜ ವಿಜ್ಞಾನಕ್ಕೂ ಗಣಿತದಷ್ಟೇ 100 ಅಂಕಗಳುಂಟು. 80 ಅಂಕ ಬರವಣಿಗೆಗೆ, 20 ಅಂಕ ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ. ಅಂಕ ಸಮವಾಗಿದ್ದರೂ ಪೀಠ ಮಾತ್ರ ಸಮವಾಗಿಲ್ಲ. ಒಂದು ವಿಷಯಕ್ಕೆ ಮನೆಪಾಠದ ಮೇಷ್ಟರು, ಇನ್ನೊಂದಕ್ಕೆ ಕೊನೆಯ ವಾರ!

ಈ ಪಾಠ ನಮ್ಮ ಶಾಲೆಗಳಿಗೆ ಬಂದ ಉದ್ದೇಶವಾದರೂ ಏನು? ಚರಿತ್ರೆ, ಭೂಗೋಳ, ಪೌರನೀತಿಗಳನ್ನು ಬೇರೆ ಬೇರೆಯಾಗಿ ಕಲಿಸುತ್ತಿದ್ದ ಕಾಲವೊಂದಿತ್ತು. ಸ್ವಾತಂತ್ರ್ಯ ಬಂದ ಮೇಲೆ, 1952–53ರಲ್ಲಿ, ಡಾ. ಎ. ಲಕ್ಷ್ಮಣಸ್ವಾಮಿ ಮುದಲಿಯಾರರ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗವು ಇವನ್ನೆಲ್ಲ ಒಟ್ಟುಗೂಡಿಸಿ, ಸಮಾಜ ಪಾಠವೆಂಬ ಹೆಸರಿನಲ್ಲಿ ಪ್ರೌಢಶಾಲೆಯ ಎಲ್ಲ ಮಕ್ಕಳಿಗೂ ಕಲಿಸಬೇಕೆಂದು ಸಲಹೆ ಮಾಡಿತು. ಹೊಸದಾಗಿ ಪ್ರಜಾಪ್ರಭುತ್ವವನ್ನು ಒಪ್ಪಿಕೊಂಡ ದೇಶದ ಮಕ್ಕಳು ತಾವು ಹುಟ್ಟಿ ಬೆಳೆದ ಸಮಾಜವನ್ನು ಒಂದು ಇಡಿಯಾಗಿ ಅರಿತುಕೊಳ್ಳಲಿ ಎಂಬುದು ಅದರ ಆಶಯ. ಈ ದೊಡ್ಡ ಮಾತುಗಳೆಲ್ಲ ನನಗೆ ತಿಳಿದಿದ್ದವು. ಆದರೂ ಅವುಗಳ ಅರ್ಥ ಮನಸ್ಸಿಗೆ ಇಳಿದದ್ದು ಕಳೆದ ಚಳಿಗಾಲದ ಒಂದು ಸಂಜೆ, ನಮ್ಮ ಮನೆಯ ನಡುಮನೆಯಲ್ಲಿ.

ನಮ್ಮ ತಾಯಿಯವರು ಮೊರದ ಮುಂದೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಹುಡುಗಿ ಗೋಡೆಗೆ ಒರಗಿ, "ಕರ್ನಾಟಕದ ಏಕೀಕರಣವು 1956ನೆಯ ಇಸವಿ ನವೆಂಬರ್ 1ರಂದು ಆಯಿತು" ಎಂದು ನಾಲ್ಕನೆಯ ಸಲವೋ ಐದನೆಯ ಸಲವೋ ಹೇಳುತ್ತಿದ್ದಳು. ಅಜ್ಜಿ ತಲೆಯೆತ್ತದೆಯೇ ನುಡಿದರು:

"ನಮ್ಮೂರಿಗೆ ಅದಕ್ಕೂ ಮೂರು ವರ್ಷ ಮೊದಲೇ ಆಗಿತ್ತಲ್ಲೇ."

"ಇಲ್ಲ ಅಜ್ಜಿ, ಪುಸ್ತಕದಲ್ಲಿ ಐವತ್ತಾರು ಅಂತ ಇದೆ."

"ಪುಸ್ತಕದ ಮಾತು ಸುಳ್ಳಲ್ಲ. ನಮ್ಮ ಬಳ್ಳಾರಿಯ ಮಾತೂ ಸುಳ್ಳಲ್ಲ."

ಹುಡುಗಿ ಪುಸ್ತಕ ಮಡಿಸಿದಳು. ಪರೀಕ್ಷೆಯ ದೃಷ್ಟಿಯಿಂದ ಅದು ಅಪರಾಧವೇ ಸರಿ. ಆದರೆ ಆ ಸಂಜೆ ನಡೆದದ್ದೇ ನಿಜವಾದ ಪಾಠ. ಅಜ್ಜಿ ಹುಟ್ಟಿದಾಗ ಬಳ್ಳಾರಿ ಮದರಾಸು ಪ್ರಾಂತಕ್ಕೆ ಸೇರಿತ್ತು. ಅವರ ಅಕ್ಕನನ್ನು ಕೊಟ್ಟದ್ದು ಆದವಾನಿಗೆ. ಆಗ ಅದೂ ಬಳ್ಳಾರಿ ಜಿಲ್ಲೆಯದೇ ಒಂದು ತಾಲೂಕು. ಗುಂತಕಲ್ಲಿನಲ್ಲಿ ರೈಲು ಬದಲಿಸಿದರೆ ಅಕ್ಕನ ಮನೆ. ಪೊಟ್ಟಿ ಶ್ರೀರಾಮುಲು ಅವರು ಉಪವಾಸ ಕುಳಿತು 1952ರ ಡಿಸೆಂಬರಿನಲ್ಲಿ ಪ್ರಾಣ ಬಿಟ್ಟ ಮೇಲೆ, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿತು. ಅದೇ ದಿನ ಬಳ್ಳಾರಿ ಜಿಲ್ಲೆಯೂ ಹಂಚಿಹೋಯಿತು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರದ ಪಾಲಾದವು. ಉಳಿದವು ಮೈಸೂರಿಗೆ ಬಂದವು. ಹತ್ತು ವರ್ಷದ ಬಾಲಕಿ ಮಲಗಿದ್ದದ್ದು ಮದರಾಸಿನಲ್ಲಿ, ಎದ್ದದ್ದು ಮೈಸೂರಿನಲ್ಲಿ. ಅವಳ ಅಕ್ಕ ಎದ್ದದ್ದು ಆಂಧ್ರದಲ್ಲಿ.

"ಆಮೇಲೆ ಏನಾಯಿತು ಅಜ್ಜಿ?"

"ಏನಾಗುತ್ತದೆ? ರೈಲು ಓಡುತ್ತಲೇ ಇತ್ತು. ಅಕ್ಕ ಹಬ್ಬಕ್ಕೆ ಬರುತ್ತಲೇ ಇದ್ದಳು. ಆದರೆ ಅವಳ ಮಕ್ಕಳು ತೆಲುಗು ಶಾಲೆಗೆ ಹೋದವು. ಮೊಮ್ಮಕ್ಕಳಿಗೆ ಕನ್ನಡದ ಅಕ್ಷರವೇ ಬಾರದು. ಅಕ್ಕ ಇರುವ ತನಕ ನಾನು ಕಾಗದ ಬರೆಯುತ್ತಿದ್ದೆ. ಅವಳು ಹೋದಮೇಲೆ ಆ ಮನೆಯಲ್ಲಿ ನನ್ನ ಕಾಗದ ಓದುವವರು ಇಲ್ಲ."

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅನಂತರ, ಯಾವ ಪ್ರಶ್ನೆಪತ್ರಿಕೆಯೂ ಕೇಳದ ಪ್ರಶ್ನೆಯನ್ನು ಕೇಳಿದಳು: "ಹಾಗಾದರೆ ಏಕೀಕರಣ ಆದದ್ದು ಒಳ್ಳೆಯದೋ ಕೆಟ್ಟದ್ದೋ?"

"ಶಾಲೆಯಲ್ಲಿ, ಕಚೇರಿಯಲ್ಲಿ ನನ್ನ ಮಾತು ನನಗೆ ಸಿಕ್ಕಿತು. ಅದು ಒಳ್ಳೆಯದು. ಅಕ್ಕನ ಮೊಮ್ಮಕ್ಕಳು ನನ್ನ ಕಾಗದ ಓದಲಾರರು. ಅದು ನಷ್ಟ. ಎರಡನ್ನೂ ಬರೆದುಕೋ."

ಓದುಗರೇ, ಈ ಒಂದು ಸಂಜೆಯ ಮಾತಿನೊಳಗೆ ಎಷ್ಟು ಪಾಠಗಳು ಅಡಗಿವೆ ನೋಡಿ. ಇಸವಿಗಳು ಚರಿತ್ರೆಗೆ ಸೇರಿದವು. ಗಡಿಯ ಜಗಳ ಬರಿಯ ಮಾತಿನದಲ್ಲ, ನೀರಿನದೂ ಹೌದು ಎಂಬುದು ಭೂಗೋಳ. 1945ರಲ್ಲಿ ಮದರಾಸು ಸರಕಾರವೂ ಹೈದರಾಬಾದು ಸಂಸ್ಥಾನವೂ ಸೇರಿ ಆರಂಭಿಸಿದ ತುಂಗಭದ್ರಾ ಅಣೆಕಟ್ಟಿನ ನಾಲೆಗಳು ಹೊಸ ಗಡಿಯ ಎರಡೂ ಕಡೆಗೆ ಹರಿಯುತ್ತವೆ. ರಾಜ್ಯ ಪುನರ್ವಿಂಗಡಣಾ ಆಯೋಗವು 1955ರಲ್ಲಿ ಬಳ್ಳಾರಿಯ ಕೆಲವು ಭಾಗಗಳನ್ನು ಮತ್ತೆ ಆಂಧ್ರಕ್ಕೆ ಕೊಡಬೇಕೆಂದು ಸಲಹೆ ಮಾಡಿದ್ದಕ್ಕೂ ಈ ನೀರಾವರಿಯ ಸಂಬಂಧವಿತ್ತು. ಆ ಸಲಹೆ ನಡೆಯಲಿಲ್ಲ. 2024ರ ಆಗಸ್ಟಿನಲ್ಲಿ ಅದೇ ಅಣೆಕಟ್ಟಿನ ಹತ್ತೊಂಬತ್ತನೆಯ ಬಾಗಿಲು ಕೊಚ್ಚಿಹೋದಾಗ ಕರ್ನಾಟಕ, ಆಂಧ್ರ, ತೆಲಂಗಾಣಗಳ ರೈತರು ಒಟ್ಟಿಗೆ ಕಳವಳಪಟ್ಟದ್ದು ನೆನಪಿರಬಹುದು. ನದಿಗೆ ಗಡಿ ತಿಳಿಯದು.

ರಾಜ್ಯದ ಗೆರೆಯನ್ನು ಅಳಿಸಿ ಬರೆಯುವ ಅಧಿಕಾರ ಯಾರದು ಎಂಬುದು ರಾಜ್ಯಶಾಸ್ತ್ರ. ಸಂವಿಧಾನದ 3ನೆಯ ವಿಧಿಯ ಪ್ರಕಾರ ಅದು ಸಂಸತ್ತಿನದು. ಸಂಬಂಧಪಟ್ಟ ರಾಜ್ಯದ ಶಾಸನಸಭೆಯ ಅಭಿಪ್ರಾಯವನ್ನು ಕೇಳಬೇಕು, ಆದರೆ ಅದರಂತೆಯೇ ನಡೆಯಬೇಕೆಂಬ ಕಟ್ಟು ಇಲ್ಲ. 2014ರ ಜೂನ್ 2ರಂದು ತೆಲಂಗಾಣ ಹುಟ್ಟಿದ್ದೂ ಇದೇ ವಿಧಿಯ ಬಲದಿಂದ. ಆದವಾನಿಯ ಹತ್ತಿಯ ಪೇಟೆಗೆ ಎರಡೂ ಭಾಷೆಯ ರೈತರು ಮೂಟೆ ಕಟ್ಟಿ ಹೋಗುವುದು ಅರ್ಥಶಾಸ್ತ್ರ. ಒಂದು ಮನೆಯ ಮೊಮ್ಮಕ್ಕಳು ಇನ್ನೊಂದು ಮನೆಯ ಕಾಗದ ಓದಲಾರದೆ ಹೋದದ್ದು ಸಮಾಜಶಾಸ್ತ್ರ. ಐದು ಅಧ್ಯಾಯಗಳು ಪುಸ್ತಕದಲ್ಲಿ ಐದು ಕಡೆ ಇರಬಹುದು. ಬದುಕಿನಲ್ಲಿ ಅವು ಒಂದೇ ಮೊರದ ಅವರೆಕಾಳು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಮುಂದಿನ ಕಿರುಪರೀಕ್ಷೆಯಲ್ಲಿ ಏಕೀಕರಣದ ಮೇಲೆ ಪ್ರಶ್ನೆ ಬಂತು. ಹುಡುಗಿ 1956ರ ಉತ್ತರವನ್ನು ಬರೆದು, ಅದರ ಕೆಳಗೆ ಬಳ್ಳಾರಿಯ ವೃತ್ತಾಂತವನ್ನೆಲ್ಲ ತುಂಬಿದಳು. ಹೊತ್ತು ಮೀರಿತು, ಕೊನೆಯ ಎರಡು ಪ್ರಶ್ನೆಗಳು ಉಳಿದುಹೋದವು. ಉಪಾಧ್ಯಾಯಿನಿಯವರು ಆ ಉತ್ತರಕ್ಕೆ ಪೂರ್ಣಾಂಕ ಕೊಟ್ಟು, ಪಕ್ಕದಲ್ಲಿ ಕೆಂಪು ಶಾಯಿಯಿಂದ, "ನಿಜ. ಆದರೆ ಕೇಳಿದಷ್ಟಕ್ಕೆ ಉತ್ತರಿಸಿ ಮುಂದೆ ಹೋಗು" ಎಂದು ಬರೆದಿದ್ದರು. ಹುಡುಗಿ ಮುಖ ಸಪ್ಪೆ ಮಾಡಿಕೊಂಡು ಬಂದಳು. ನನಗೂ ಮೊದಲು ಸಿಟ್ಟೇ ಬಂತು. ಆಮೇಲೆ ಯೋಚಿಸಿದರೆ, ಆಕೆ ಹೇಳಿದ್ದರಲ್ಲಿ ತಪ್ಪೇನಿದೆ? ತುಂಬಿದ ತರಗತಿ, ಮುಗಿಸಲೇಬೇಕಾದ ಪಾಠಗಳು, ತಲೆಯ ಮೇಲೆ ಫಲಿತಾಂಶದ ಭಾರ. ಹೀಗಿರುವಲ್ಲಿ ಪ್ರತಿಯೊಂದು ಮನೆಯ ಅಜ್ಜಿಯ ಕಥೆಗೂ ಶಾಲೆಯಲ್ಲಿ ಹೊತ್ತೆಲ್ಲಿ? "ನಿಜ" ಎಂದು ಬರೆದರಲ್ಲ, ಅದೇ ದೊಡ್ಡದು. ಶಾಲೆ ಬಿಟ್ಟ ಜಾಗವನ್ನು ತುಂಬಬೇಕಾದದ್ದು ಮನೆ. ನಾವಾದರೋ ಮನೆಯಲ್ಲಿ ಮಂತ್ರ ಹೇಳುತ್ತ ಕುಳಿತಿದ್ದೇವೆ: ಕೊನೆಯ ವಾರ ಸಾಕು, ಕೊನೆಯ ವಾರ ಸಾಕು.

ಇದರಿಂದ ಆಗುವ ನಷ್ಟ ಬರಿಯ ಅಂಕದ್ದಲ್ಲ. ಹತ್ತನೆಯ ತರಗತಿ ದಾಟಿ ವಿಜ್ಞಾನವನ್ನೋ ವಾಣಿಜ್ಯವನ್ನೋ ಹಿಡಿದ ಮಕ್ಕಳಿಗೆ ಚರಿತ್ರೆ, ರಾಜ್ಯಶಾಸ್ತ್ರಗಳ ಕ್ರಮವಾದ ಅಧ್ಯಯನ ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತದೆ. ಮುಂದೆ ಕಾಲೇಜಿನಲ್ಲಿ ಅಲ್ಲೊಂದು ಇಲ್ಲೊಂದು ಪತ್ರಿಕೆ ಬರಬಹುದು, ಅಷ್ಟೆ. ಅತ್ತ, ಮತದಾನದ ವಯಸ್ಸು ಮೊದಲು 21 ಇದ್ದದ್ದು, ಸಂವಿಧಾನದ 61ನೆಯ ತಿದ್ದುಪಡಿಯಿಂದ 1989ರಲ್ಲಿ 18ಕ್ಕೆ ಇಳಿಯಿತು. ಅಂದರೆ, ಇಂದು ನಮ್ಮ ನಡುಮನೆಯಲ್ಲಿ ಮೂಲಭೂತ ಹಕ್ಕುಗಳನ್ನು ಅರ್ಥ ತಿಳಿಯದೆ ಉರು ಹೊಡೆಯುತ್ತಿರುವ ಹುಡುಗಿ ಇನ್ನು ಎರಡು ಮೂರು ವರ್ಷಗಳಲ್ಲಿ ಮತಗಟ್ಟೆಯ ಮುಂದೆ ನಿಲ್ಲುತ್ತಾಳೆ. ಅಲ್ಲಿ ಬಿಟ್ಟ ಸ್ಥಳ ತುಂಬುವ ಪ್ರಶ್ನೆ ಇರುವುದಿಲ್ಲ. ಕೆಂಪು ಶಾಯಿಯಿಂದ ತಿದ್ದುವವರೂ ಇರುವುದಿಲ್ಲ. ಭಾಷೆಯ ಹೆಸರಿನಲ್ಲಿ, ನೀರಿನ ಹೆಸರಿನಲ್ಲಿ ಯಾರಾದರೂ ಅವಳನ್ನು ಉದ್ರೇಕಿಸಲು ಬಂದಾಗ, "ಎರಡನ್ನೂ ಬರೆದುಕೋ" ಎಂಬ ಅಜ್ಜಿಯ ಮಾತು ನೆನಪಿಗೆ ಬಂದರೆ ಆ ಪಾಠ ಸಾರ್ಥಕ.

ತಾಯಿತಂದೆಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಒಂದು ಉದ್ದ ಕಾಗದದ ಮೇಲೆ ಗೆರೆಯೆಳೆದು ಮೇಲ್ಗಡೆ ದೇಶದ ಇಸವಿಗಳನ್ನೂ ಕೆಳಗಡೆ ಮನೆಯವರ ಹುಟ್ಟು, ಮದುವೆ, ವರ್ಗಾವಣೆಗಳನ್ನೂ ಮಕ್ಕಳಿಂದ ಬರೆಯಿಸಿ. 1947ರಲ್ಲಿ ತಾತ ಎಲ್ಲಿದ್ದರು, 1956ರಲ್ಲಿ ಯಾವ ಸರಕಾರಕ್ಕೆ ಕಂದಾಯ ಕಟ್ಟುತ್ತಿದ್ದರು ಎಂದು ಕೇಳಲಿ. ನಕ್ಷೆಯನ್ನು ಬರೆಯುವ ಅಭ್ಯಾಸ ಮಾಡುವಾಗ ಬಂದರು, ಉಕ್ಕಿನ ಕಾರ್ಖಾನೆಗಳ ಜೊತೆಗೆ ನೆಂಟರ ಊರುಗಳನ್ನೂ ಗುರುತಿಸಲಿ. ದಿನಕ್ಕೊಮ್ಮೆ ವೃತ್ತಪತ್ರಿಕೆಯ ಒಂದು ಸುದ್ದಿಯನ್ನು ಓದಿ, ಅದು ಪುಸ್ತಕದ ಯಾವ ಪಾಠಕ್ಕೆ ಸೇರುತ್ತದೆ ಎಂದು ಹುಡುಕಲಿ. ಇಷ್ಟು ಮಾಡಿದರೆ ಇಸವಿಗಳು ತಾವಾಗಿಯೇ ನಾಲಗೆಯ ಮೇಲೆ ನಿಲ್ಲುತ್ತವೆ. ಕೇಳಿದಷ್ಟಕ್ಕೆ ಉತ್ತರಿಸಿ ಮುಂದೆ ಹೋಗುವುದೂ ಸುಲಭವಾಗುತ್ತದೆ.

ನಮ್ಮ ಹುಡುಗಿ ಈಗ ಒಂದು ಹೊಸ ಕೆಲಸ ಹಚ್ಚಿಕೊಂಡಿದ್ದಾಳೆ. ಆದವಾನಿಯ ಮನೆಯಲ್ಲಿ ಅವಳದೇ ಓರಗೆಯ ಹುಡುಗಿಯೊಬ್ಬಳಿದ್ದಾಳೆ. ಅವಳಿಗೆ ಇವಳು ಕನ್ನಡದ ಅಕ್ಷರ ಬರೆದು ಕಳುಹಿಸುತ್ತಾಳೆ, ಅವಳು ಇವಳಿಗೆ ತೆಲುಗಿನದನ್ನು. ಎರಡು ಲಿಪಿಗಳೂ ಅಕ್ಕತಂಗಿಯರಂತೆ ಇರುವುದರಿಂದ ಕಲಿಕೆ ಚುರುಕಾಗಿ ಸಾಗಿದೆ. ಮೊನ್ನೆ ಅಜ್ಜಿ ಹಳೆಯ ಕಾಗದಗಳ ಕಟ್ಟನ್ನು ಪೆಟ್ಟಿಗೆಯಿಂದ ತೆಗೆಯಿಸಿದರು. "ಪರೀಕ್ಷೆ ಮುಗಿಯಲಿ ಅಜ್ಜಿ, ಆಮೇಲೆ ನೋಡೋಣ" ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗಿಯೇ ಹೇಳಿದಳು:

"ಇದೂ ಸಮಾಜ ಪಾಠವೇ, ಚಿಕ್ಕಪ್ಪ."

ನಾನು ಸುಮ್ಮನಾದೆ. ಗಣಿತದ ಪುಸ್ತಕ ಆ ದಿನ ಒಂದು ಗಂಟೆ ಕಾದಿತು.