ಏಟ್ ಹಂಡ್ರೆಡ್ ಕಾರಿಗೆ ಎಸ್ಟೀಮ್ ಎಂಜಿನ್ ಯಾಕ್ ಬೇಕು ಹೇಳ್ರಿ

ಅಕ್ಕಂದಿರಾ, ತಂಗೇರಾ, ಈ ಸಲ ಮಾವಿನಕಾಯಿ ಉಪ್ಪಿನಕಾಯಿ ಬಗ್ಗೆ ಬರೀತೀನಿ ಅಂದಿದ್ದೆ. ಅದು ಮುಂದಿನ ಸಲಕ್ಕಿರಲಿ. ಕುರುಗೋಡಿನಿಂದ ನಮ್ಮ ತಂಗಿ ಫೋನ್ ಮಾಡಿದ್ಲು. "ಅಕ್ಕಾ, ಈ ತಿಂಗಳು ಚೀಟಿ ಎತ್ತಬೇಕಂತ ಮಾಡೀನಿ. ಮಗ ಕಾರಿಗೆ ಬೇರೆ ಎಂಜಿನ್ ಹಾಕಿಸ್ತಾನಂತೆ" ಅಂದ್ಲು. ಅವತ್ತು ಒಲೆ ಮೇಲಿನ ಬೇಳೆ ಸೀದು ಹೋತು, ನಾ ಫೋನ್ ಇಡಲಿಲ್ಲ.

ಅವರ ಮನೆಯಾಗಿರೋದು 2008ರ ಮಾರುತಿ 800. 796 ಸಿಸಿ ಎಂಜಿನ್, ಮೂರು ಸಿಲಿಂಡರ್, 37 ಕುದುರೆ ಶಕ್ತಿ. ಹುಡುಗ ಹಾಕಿಸ್ಬೇಕು ಅಂತಿರೋದು ಗುಜರಿಗೆ ಬಂದ ಎಸ್ಟೀಮ್ ಕಾರಿನ ಎಂಜಿನ್ನು. 1298 ಸಿಸಿ, ನಾಲ್ಕು ಸಿಲಿಂಡರ್, 85 ಕುದುರೆ ಶಕ್ತಿ. ಅಂದ್ರೆ ಎರಡು ಪಟ್ಟಿಗಿಂತ ಜಾಸ್ತಿ. "ಎರಡೂ ಒಂದೇ ಕಂಪನೀವು ಚಿಕ್ಕಮ್ಮ, ಕೂತ್ಕೊಂಡ್ಬಿಡ್ತದೆ" ಅಂತ ನನಗೇ ಪಾಠ ಹೇಳ್ದ. ಅಷ್ಟು ಸಲೀಸಾಗಿ ಏನೂ ಕೂಡಲ್ಲ, ಕೊಯ್ದು ಬೆಸುಗೆ ಹಾಕಿ ಕೂಡಿಸ್ತಾರೆ. ಆದ್ರೂ ಕೂತಿತು ಅಂತಾನೇ ಇಟ್ಕಳ್ಳಾಣ. ಕೂತ ಮೇಲೆ ನಿಲ್ಲಿಸೋದು ಯಾವುದ್ರಿಂದ? ಬ್ರೇಕು ಹಳೇ 800ದೇ. ಗಾಲಿ 12 ಇಂಚಿನವೇ. ಟೈರು ನೋಡ್ರಿ, 145 ಮಿಲಿಮೀಟರ್ ಅಗಲ, ನನ್ನ ಒಂದು ಗೇಣು ಕೂಡ ಇಲ್ಲ. ಮುಂದಿನ ಭಾಗಕ್ಕೆ ಭಾರ ಬೇರೆ ಜಾಸ್ತಿ ಆಗ್ತದೆ. ರೇಡಿಯೇಟರು ಸಣ್ಣದು, ನಮ್ಮ ಬಳ್ಳಾರಿ ಏಪ್ರಿಲ್ ಬಿಸಿಲು ನಿಮಗೇನ್ ಹೊಸದಲ್ಲ.

ನಾನು ಪಿಯುಸಿ ತನಕ ಓದಿದಾಕೆ, ಮುಂದೆ ಓದಸಲಿಲ್ಲ, ಅದು ಬೇರೆ ಮಾತು. ಆದ್ರೆ ಸೈನ್ಸ್ ತಗೊಂಡಿದ್ದೆ, ಒಂದು ಪಾಠ ಇನ್ನೂ ನೆನಪೈತೆ. ವೇಗ ಎರಡು ಪಟ್ಟಾದ್ರೆ ಗಾಡಿಯೊಳಗಿನ ಚಲನಶಕ್ತಿ ನಾಲ್ಕು ಪಟ್ಟಾಗ್ತದೆ. 40ರಾಗೆ ಬ್ರೇಕ್ ಒತ್ತಿದ್ರೆ ಎಷ್ಟು ದೂರದಾಗೆ ನಿಲ್ತದೋ, 80ರಾಗೆ ಅದರ ನಾಲ್ಕರಷ್ಟು ದೂರ ಬೇಕು. ಆ ನಾಲ್ಕರಷ್ಟು ಜಾಗ ಸಿರುಗುಪ್ಪ ರೋಡಿನಾಗೆ ಎಲ್ಲೈತೆ? ಸುಗ್ಗಿ ಬಂತಂದ್ರೆ ಅರ್ಧ ರೋಡು ಭತ್ತ ಒಣಗಿಸಾಕೆ ಹೋಗ್ತದೆ. ಇನ್ನರ್ಧದಾಗೆ ಹಿಂದಿನ ಲೈಟಿಲ್ಲದ ಟ್ರ್ಯಾಕ್ಟರ್ ಟ್ರೇಲರು, ಎಮ್ಮೆ, ಮಿಲ್ಲಿಗೆ ಹೋಗೋ ಲಾರಿ.

ಇದು ಬಾಯಿಮಾತಲ್ಲ. ಹೋದ ವರ್ಷ ನಮ್ಮ ವಾರಗಿತ್ತಿ ಮದುವೆಗೆ ಅಂತ ಇಂಥದ್ದೇ ಕಾರಿನಾಗೆ ಕೂತು ಹೋದ್ಲು. ಸಿರುಗುಪ್ಪದ ಕಡೇ ಹುಡುಗ ಒಬ್ಬ 800ಕ್ಕೆ ಎಸ್ಟೀಮ್ ಎಂಜಿನ್ ಹಾಕಿಸ್ಕೊಂಡಿದ್ದ. ಹೊರಗಡೆಯಿಂದ ನೋಡಿದ್ರೆ ಯಾರಿಗೂ ಗೊತ್ತಾಗಲ್ಲ, ಅದೇ ಬಿಳೀ ಪುಟ್ಟ ಕಾರು. ಹಿಂದಿನ ಸೀಟಿನಾಗೆ ಕೂತಾಕಿಗೆ ಯಾರೂ ಹೇಳಲೂ ಇಲ್ಲ. ತೆಕ್ಕಲಕೋಟೆ ದಾಟಿದ ಮೇಲೆ ಕತ್ತಲಾಗೆ ಭತ್ತದ ಟ್ರ್ಯಾಕ್ಟರ್ ಸಿಕ್ಕಿತು. ಬ್ರೇಕ್ ಒತ್ತಿದ, ಗಾಲಿ ಜಾರಿ ಕಾರು ಗದ್ದೆಗೆ ಇಳೀತು. ಜೀವ ಉಳೀತು, ದೇವರು ದೊಡ್ಡವನು. ಆದ್ರೆ ವಾರಗಿತ್ತಿ ಹೆಗಲ ಎಲುಬು ಮುರೀತು. ಇವತ್ತಿಗೂ ಮೇಲಿನ ಗೂಡಿನಿಂದ ಡಬ್ಬಿ ಇಳಿಸ್ಬೇಕಂದ್ರೆ ಯಾರನ್ನಾದ್ರೂ ಕರೀಬೇಕು.

ಆಮೇಲಿನ ಕಥೆ ಕೇಳ್ರಿ. ಇನ್ಶೂರೆನ್ಸಿನವರು ಬಂದು ಬಾನೆಟ್ ಎತ್ತಿದ್ರು. ಆರ್‌ಸಿಯಾಗಿರೋ ಎಂಜಿನ್ ನಂಬರೇ ಬೇರೆ, ಕಾರಿನಾಗಿರೋದೇ ಬೇರೆ. ಅಲ್ಲಿಗೆ ಮುಗೀತು, ಒಂದು ರೂಪಾಯಿ ಬರಲಿಲ್ಲ. ನಾನು ಸುಮ್ನೆ ಅವರನ್ನ ಬೈಯಲ್ಲ. ಪಾಲಿಸಿ ಕೊಟ್ಟದ್ದು 796 ಸಿಸಿ ಕಾರಿಗೆ. ಥರ್ಡ್ ಪಾರ್ಟಿ ಪ್ರೀಮಿಯಂ ನೋಡ್ರಿ, 2022ರ ಜೂನಿನಿಂದ 1000 ಸಿಸಿ ಒಳಗಿನ ಕಾರಿಗೆ 2094 ರೂಪಾಯಿ, 1500ರ ತನಕ 3416 ಅಂತ ಮಾಡಿದ್ರು. ಸಣ್ಣದರ ದುಡ್ಡು ಕಟ್ಟಿ ದೊಡ್ಡದನ್ನ ಓಡಿಸ್ತಿದ್ರೆ ಅದಕ್ಕೆ ಏನಂತಾರೆ? ನಮಗೇನೋ ಪುಣ್ಯ, ಬೇರೆ ಯಾರಿಗೂ ಪೆಟ್ಟಾಗಲಿಲ್ಲ. ಆಗಿದ್ರೆ ಅವರ ಪರಿಹಾರ ಹುಡುಗನ ಮನೆ ಬಾಗ್ಲಿಗೇ ಬರ್ತಿತ್ತು. ಆಸ್ಪತ್ರೆ ಬಿಲ್ಲಿಗೆ ಹೋದದ್ದು ವಾರಗಿತ್ತಿ ಕೈಬಳೆ.

ಕಾನೂನೂ ಸುಮ್ನಿಲ್ಲ. ಮೋಟಾರು ವಾಹನ ಕಾಯ್ದೆ 52ನೇ ಕಲಂ ಪ್ರಕಾರ ಕಂಪನಿ ಮಾಡಿಕೊಟ್ಟ ವಿವರಕ್ಕೆ ವಿರುದ್ಧ ಗಾಡಿ ಬದಲಾಯಿಸಂಗಿಲ್ಲ ಅಂತ ಸುಪ್ರೀಂ ಕೋರ್ಟು 2019ರ ಜನವರಿಯಾಗೆ ಹೇಳೈತೆ. ಅದೇ ವರ್ಷದ ತಿದ್ದುಪಡಿಯಾಗೆ, ಹಂಗೆ ಬದಲಾಯಿಸಿದ ಮಾಲೀಕರಿಗೆ ಆರು ತಿಂಗಳ ತನಕ ಜೈಲು, ಇಲ್ಲಾ ಒಂದೊಂದು ಬದಲಾವಣೆಗೆ 5000 ದಂಡ, ಇಲ್ಲಾ ಎರಡೂ. ಮಾಲೀಕರು ಅಂದ್ರೆ ಯಾರು? ನಮ್ಮ ತಂಗಿ ಕಾರಿನ ಆರ್‌ಸಿ ಅವಳ ಹೆಸರಿನಾಗೈತೆ! ಮಗನ ಶೋಕಿಗೆ ತಾಯಿ ಕೋರ್ಟಿಗೆ ಹೋಗ್ಬೇಕು. ಎಂಜಿನ್ ಸೀಜ್ ಆಗಿ ಸತ್ತಿದ್ರೆ ಮಾತು ಬೇರೆ. ಅದೇ ಮಾದರಿದು ಹಾಕಿಸಿ, ಆರ್‌ಟಿಓ ಆಫೀಸಿಗೆ ತಿಳಿಸಿ, ಆರ್‌ಸಿಯಾಗೆ ನಂಬರ್ ಬರೆಸ್ಕೊಳ್ಳಾಕೆ ದಾರಿ ಐತೆ. ಇವರದ್ದು ಚೆನ್ನಾಗಿರೋ ಎಂಜಿನ್ನು, ಅದನ್ನ ಕಿತ್ತು ಒಗೀತಾನಂತೆ.

ಹುಡುಗ ಬುದ್ಧಿವಂತ, ಒಂದು ಒಳ್ಳೇ ಪ್ರಶ್ನೆ ಕೇಳ್ದ. "ಕಂಪನಿಯವರೇ ಆಲ್ಟೋಕ್ಕೆ 2010ರಾಗೆ 998 ಸಿಸಿ ಎಂಜಿನ್ ಹಾಕಿ ಕೆ10 ಅಂತ ಮಾರಿದ್ರಲ್ಲ, ಅವರಿಗೆ ನಡೀತದೆ, ನನಗೆ ನಡೆಯಂಗಿಲ್ಲಾ?" ನಡೆಯಂಗಿಲ್ಲ ಮಗನೇ. ಅವರು ಪರೀಕ್ಷೆ ಮಾಡಿಸಿ, ಸರ್ಕಾರದ ಒಪ್ಪಿಗೆ ತಗೊಂಡು, ಆರ್‌ಸಿ ಮೇಲೆ 998 ಅಂತಾನೇ ಬರೆಸಿ ಮಾರಿದ್ರು. 2017ರಾಗೆ ಬಲೆನೊ ಆರ್‌ಎಸ್ ಅಂತ ಜೋರಿನ ಕಾರು ತಂದಾಗ ಹಿಂದಿನ ಗಾಲಿಗೂ ಡಿಸ್ಕ್ ಬ್ರೇಕ್ ಹಾಕಿದ್ರು. ಶಕ್ತಿ ಏರಿಸಿದೋರು ಬ್ರೇಕನ್ನೂ ಏರಿಸಿದ್ರು. ನಿನ್ನ ಗ್ಯಾರೇಜಿನೋನು ಕೊಟ್ಟ ಚೀಟಿಯಾಗೆ ಬ್ರೇಕಿನ ಲೆಕ್ಕ ಎಲ್ಲೈತೆ ತೋರ್ಸು ಅಂದೆ. ಸೈಲೆನ್ಸರ್ ಲೆಕ್ಕ ಇತ್ತು, ಬ್ರೇಕಿನದ್ದು ಇರಲಿಲ್ಲ.

ವಯಸ್ಸಿನ ಹುಡುಗ್ರಿಗೆ ಗಾಡಿ ಹುಚ್ಚು ಇರಬಾರದು ಅಂತ ನಾ ಅನ್ನಲ್ಲ. ನನಗೂ ಆ ವಯಸ್ಸಿನಾಗೆ ಲೂನಾ ಹುಚ್ಚಿತ್ತು, ನಮ್ಮಪ್ಪ ಕೊಡಿಸಲಿಲ್ಲ. ಕೆ-1000 ರ‍್ಯಾಲಿ ಅಂತ ನಮ್ಮ ಕರ್ನಾಟಕದಾಗೇ ನಡೀತದೆ. ಅಲ್ಲಿ ಕಾರಿನೊಳಗೆ ಕಬ್ಬಿಣದ ಪಂಜರ, ತಲೆಗೆ ಹೆಲ್ಮೆಟ್, ಎದೆಗೆ ಬೆಲ್ಟ್ ಕಟ್ಕೊಂಡು, ಮುಚ್ಚಿದ ರೋಡಿನಾಗೆ ಓಡಿಸ್ತಾರೆ. ಅಲ್ಲಿಗೆ ಹೋಗೋ ತಯಾರಿ ಮಾಡ್ಕಂತಾನಂದ್ರೆ ನಾನೇ ಕೈಲಾದಷ್ಟು ಕೊಡ್ತೀನಿ. ದುರ್ಗಮ್ಮನ ಗುಡಿ ಹತ್ರ ಅಜ್ಜೀನ ಹಿಂದೆ ಕೂಡಿಸ್ಕೊಂಡು ಓಡಿಸಾಕೆ ಒಂದು ಪೈಸೆ ಕೊಡಲ್ಲ.

ನನ್ನ ಸಿಟ್ಟಿರೋದು ಹುಡುಗನ ಮೇಲಲ್ಲ, ನಮ್ಮ ಮೇಲೆ. ಮಗಳು ಕಂಪ್ಯೂಟರ್ ಕ್ಲಾಸಿಗೆ 6000 ಕೇಳಿದ್ರೆ ಮೂರು ದಿನ ಯೋಚ್ನೆ ಮಾಡ್ತೀವಿ. ಮಗ ಲಕ್ಷ ಕೇಳಿದ್ರೆ "ಅಪ್ಪಂಗೆ ಹೇಳ್ಬ್ಯಾಡ" ಅಂತ ಚೀಟಿ ಎತ್ತಿ ಕೊಡ್ತೀವಿ. ಏನು ಯಂತ್ರ, ಎಲ್ಲಿಂದ ಬಂತು, ಕಾಗದ ಐತೋ ಇಲ್ಲೋ, "ಅದೆಲ್ಲ ಗಂಡಸರ ವಿಷಯ" ಅಂತ ಕೇಳಾದೇ ಇಲ್ಲ. ಕುಕ್ಕರಿನ ವಾಲ್ವ್ ಬದಲಾಯಿಸ್ಬೇಕಂದ್ರೆ ಆ ಕಂಪನಿದೇ ಬೇಕು ಅಂತ ಮೂರು ಅಂಗಡಿ ತಿರುಗೋರು ನಾವು!

ಚೀಟಿ 10ನೇ ತಾರೀಕು. ತಂಗಿಗೆ ಹೇಳೀನಿ, ಎತ್ತೋದಾದ್ರೆ ಎತ್ತು, ನಾಲ್ಕು ಹೊಸ ಟೈರು, ಬ್ರೇಕ್ ಪ್ಯಾಡು, ಹಿಂದಿನ ಸೀಟಿಗೆ ಬೆಲ್ಟು, ಅಷ್ಟು ಮಾಡ್ಸು, ಉಳಿದದ್ದು ಬ್ಯಾಂಕಿನಾಗಿಡು. ಹುಡುಗ ನನ್ನ ಮೇಲೆ ಮುನಿಸ್ಕೊಂಡಾನೆ, ಭಾನುವಾರ ಮಿರ್ಚಿ ಒಗ್ಗರಣೆಗೂ ಬರಲಿಲ್ಲ. ಬರ್ತಾನೆ ಬಿಡ್ರಿ. ನಿಮ್ಮ ಮನೆಯಾಗೂ ಇಂಥಾ ಕಾರಿದ್ರೆ, ಇವತ್ತು ಸಂಜೆ ಆರ್‌ಸಿ ಹಿಡ್ಕೊಂಡು ಬಾನೆಟ್ ಎತ್ತಸ್ರಿ, ನಂಬರ್ ಓದಿಸಿ ತಾಳೆ ನೋಡ್ರಿ.