ಕೀನ್ಯಾದ ಕಾಡು ತೋರಿಸುವವರು ಅರ್ಧ ಮಾತ್ರ ತೋರಿಸುತ್ತಾರೆ

ಕಾಡಂಚಿನ ಸುದ್ದಿ ಮಾಡುವ ನನ್ನಂಥ ಸ್ಟ್ರಿಂಗರ್‌ಗಳಿಗೆ ಒಂದು ಮಾತು ಪದೇ ಪದೇ ಕೇಳಿಸುತ್ತದೆ: ‘ಕಾಡನ್ನು ಖಾಸಗಿಯವರಿಗೆ ಕೊಡಿ, ಆಫ್ರಿಕಾದಲ್ಲಿ ಹೇಗೆ ನಡೆಸುತ್ತಾರೆ ನೋಡಿ.’ ಸರಿ, ನೋಡೋಣ.

ಕೀನ್ಯಾದ ಲೈಕಿಪಿಯಾದಲ್ಲಿ ಓಲ್ ಪೆಜೆಟಾ ಎಂಬ ವನ್ಯಧಾಮವಿದೆ. ವಿಸ್ತೀರ್ಣ ಸುಮಾರು 90 ಸಾವಿರ ಎಕರೆ. ಒಂದು ಕಾಲಕ್ಕೆ ಇದು ಬಿಳಿಯರ ದನದ ಫಾರ್ಮ್. 1988ರಲ್ಲಿ ಅದರ ಒಂದು ಭಾಗ ಘೇಂಡಾಮೃಗಗಳಿಗೆ ಮೀಸಲಾಯಿತು. 2004ರಲ್ಲಿ ಬ್ರಿಟನ್ನಿನ ‘ಫೌನಾ ಅಂಡ್ ಫ್ಲೋರಾ ಇಂಟರ್‌ನ್ಯಾಷನಲ್’ ಸಂಸ್ಥೆ, ಅಮೆರಿಕದ ಆರ್ಕಸ್ ಫೌಂಡೇಶನ್ನಿನ ಹಣದ ನೆರವಿನಿಂದ ಇಡೀ ಜಾಗವನ್ನು ಕೊಂಡಿತು. ಈಗ ನಡೆಸುತ್ತಿರುವುದು ಕೀನ್ಯಾದ್ದೇ ಆದ, ಲಾಭ ಹಂಚಿಕೊಳ್ಳದ ಸಂಸ್ಥೆ. ಖರ್ಚು ಕಳೆದು ಉಳಿದದ್ದು ಯಾರ ಜೇಬಿಗೂ ಹೋಗುವುದಿಲ್ಲ. ಕಾಡಿನ ಕಾವಲಿಗೆ, ಸುತ್ತಲಿನ ಹಳ್ಳಿಗಳ ಶಾಲೆ, ನೀರು, ಆರೋಗ್ಯಕ್ಕೆ ಹೋಗುತ್ತದೆ.

ನನಗೆ ಹಿಡಿಸಿದ್ದು ಅಲ್ಲಿನ ದನ. ಸಿಂಹ, ಆನೆ ಓಡಾಡುವ ಬಯಲಿನಲ್ಲೇ ಸಾವಿರಾರು ಬೋರಾನ್ ತಳಿಯ ದನ ಮೇಯುತ್ತವೆ. ರಾತ್ರಿ ಅವುಗಳನ್ನು ‘ಬೋಮಾ’ ಎಂಬ ದೊಡ್ಡಿಯಲ್ಲಿ ಕೂಡುತ್ತಾರೆ. ಬೋಮಾವನ್ನು ಆಗಾಗ ಬೇರೆ ಕಡೆಗೆ ಸಾಗಿಸುತ್ತಾರೆ. ಸಗಣಿ ಬಿದ್ದ ಜಾಗದಲ್ಲಿ ಒಳ್ಳೆಯ ಹುಲ್ಲು ಬರುತ್ತದೆ, ಅದನ್ನು ಮೇಯಲು ಜೀಬ್ರಾ, ಜಿಂಕೆ ಬರುತ್ತವೆ. ನಮ್ಮಲ್ಲಿ ಹೊಲಕ್ಕೆ ಕುರಿ ಮಂದೆ ನಿಲ್ಲಿಸುತ್ತೇವಲ್ಲ, ಅದೇ ಲೆಕ್ಕ. ದನ ಕಂಡ ಕೂಡಲೇ ಕಾಡು ಹಾಳು ಎನ್ನುವವರು ಇದನ್ನು ನೋಡಬೇಕು.

ದನ ಸಾಕುವುದರ ಹಿಂದೆ ಹಣದ ವಿಚಾರವೂ ಇದೆ. ಕೀನ್ಯಾದಲ್ಲಿ ಕಾಡುಪ್ರಾಣಿ ಸರ್ಕಾರದ್ದು, ಬೇಟೆಗೆ 1977ರಿಂದ ನಿಷೇಧ. ಹಾಗಾಗಿ ಆದಾಯಕ್ಕೆ ಪ್ರವಾಸಿಗರು, ದಾನಿಗಳು, ದನ, ಇಷ್ಟೇ ದಾರಿ. 2020ರಲ್ಲಿ ಕೋವಿಡ್ ಬಂದು ಪ್ರವಾಸೋದ್ಯಮ ನಿಂತಿತು. ಕಾವಲುಗಾರರ ಸಂಬಳ ನಿಲ್ಲಿಸುವಂತಿರಲಿಲ್ಲ. ಜಗತ್ತಿನಲ್ಲಿ ಉಳಿದಿರುವ ಎರಡೇ ಎರಡು ಉತ್ತರದ ಬಿಳಿ ಘೇಂಡಾಮೃಗಗಳಾದ ನಾಜಿನ್ ಮತ್ತು ಅವಳ ಮಗಳು ಫಾಟು ಇರುವುದು ಇಲ್ಲೇ. ಕೊನೆಯ ಗಂಡು ಸುಡಾನ್ 2018ರ ಮಾರ್ಚ್‌ನಲ್ಲಿ ಸತ್ತಿತು. ಆದಾಯವಿಲ್ಲವೆಂದು ಇವುಗಳ ಕಾವಲು ಬಿಡಲಾಗುತ್ತದೆಯೇ?

ಇಷ್ಟರ ಮಟ್ಟಿಗೆ ನಾನೂ ಒಪ್ಪುತ್ತೇನೆ. ಇನ್ನರ್ಧ ಕೇಳಿ.

ಲೈಕಿಪಿಯಾ ಮಸಾಯಿ ಜನರ ಹುಲ್ಲುಗಾವಲಾಗಿತ್ತು. 1911ರ ಒಪ್ಪಂದದ ಹೆಸರಿನಲ್ಲಿ ಬ್ರಿಟಿಷರು ಅವರನ್ನು ದಕ್ಷಿಣಕ್ಕೆ ಸಾಗಹಾಕಿದರು. ಆ ನೆಲ ಬಿಳಿಯರ ಫಾರ್ಮ್‌ಗಳಾಯಿತು, ಕೆಲವು ಆಮೇಲೆ ವನ್ಯಧಾಮಗಳಾದವು. 2017ರ ಬರದಲ್ಲಿ ಪಶುಪಾಲಕರು ಲೈಕಿಪಿಯಾದ ಖಾಸಗಿ ಜಮೀನುಗಳಿಗೆ ದನ ನುಗ್ಗಿಸಿದರು, ಹಿಂಸೆಯೂ ನಡೆಯಿತು. ಶಾಲೆ, ನೀರು ಕೊಟ್ಟದ್ದು ಒಳ್ಳೆಯದೇ. ಆದರೆ ಬೇಲಿಯಾಚೆಯವನಿಗೆ ಬರಗಾಲದಲ್ಲಿ ಬೇಕಾದದ್ದು ಹುಲ್ಲು. ಅದನ್ನು ಯಾರಿಗೆ, ಎಷ್ಟು ಬಿಡಬೇಕೆಂದು ತೀರ್ಮಾನಿಸುವವರು ಜಮೀನಿನ ಮಾಲೀಕರು. ಅವರು ಎಷ್ಟೇ ಒಳ್ಳೆಯವರಾಗಿದ್ದರೂ ಅವನ ಮತ ಕೇಳಿ ಬಂದವರಲ್ಲ.

ನಮ್ಮ ಅರಣ್ಯ ಇಲಾಖೆಯ ಬಗ್ಗೆ ನನಗೇನೂ ಭ್ರಮೆಯಿಲ್ಲ. ಬೆಳೆ ಪರಿಹಾರದ ಕಡತ ಹಿಡಿದು ಕಚೇರಿಗೆ ಅಲೆಯುವ ರೈತರನ್ನು ದಿನಾ ನೋಡುತ್ತೇನೆ. ಆದರೂ ಹತ್ತು ರೂಪಾಯಿ ಕಟ್ಟಿ ಆರ್‌ಟಿಐ ಅರ್ಜಿ ಹಾಕಬಹುದು, 2006ರ ಅರಣ್ಯ ಹಕ್ಕು ಕಾಯ್ದೆ ಹಿಡಿದು ಗ್ರಾಮಸಭೆಯಲ್ಲಿ ಮಾತಾಡಬಹುದು. ಸರ್ಕಾರದ ದುಡ್ಡು ಮುಟ್ಟದ ಖಾಸಗಿ ಟ್ರಸ್ಟ್ ಅಂಥ ಅರ್ಜಿಗೆ ಉತ್ತರ ಕೊಡಬೇಕಿಲ್ಲ.

ಹಾಗಾಗಿ ಓಲ್ ಪೆಜೆಟಾದಿಂದ ಬೋಮಾ ಕಲಿಯೋಣ, ಲಾಭ ಹಂಚಿಕೊಳ್ಳದ ಶಿಸ್ತು ಕಲಿಯೋಣ. ಕಾಡಿನ ಕೀಲಿಕೈ ಕೊಡುವ ಮಾತು ಬಂದಾಗ ಮಾತ್ರ ಮೊದಲು ಕಾಡಂಚಿನ ಊರನ್ನು ಕೇಳೋಣ.